ಬ್ಯಾಟರಿಯಲ್ಲಿ ನಡೆಯುವ ಗ್ಯಾಸ್ ಸೆನ್ಸರ್: ಕಾವಿನ ಲೆಕ್ಕ

ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿಗೆ ಜೇಬಲ್ಲಿಟ್ಟು ಒಯ್ಯುವಂಥ ಸೆನ್ಸರ್ ಮಾಡಬೇಕೆಂದು ಕೂತಿದ್ದೆ. ಸಮುದ್ರದ ಮೀನು ಹಳತಾಗುತ್ತಿದ್ದಂತೆ ಬ್ಯಾಕ್ಟೀರಿಯಾ ಟ್ರೈಮೀಥೈಲಮೈನ್, ಅಮೋನಿಯಾ ಬಿಡುತ್ತವೆ. ಅವನ್ನು ಹಿಡಿಯಲು ಎಂಕ್ಯೂ-135 ಎಂಬ ಗ್ಯಾಸ್ ಸೆನ್ಸರ್. ಒಳಗಿರುವುದು ಟಿನ್ ಆಕ್ಸೈಡ್: ಬಿಸಿಯಾದಾಗ ಗಾಳಿಯ ಆಮ್ಲಜನಕ ಅದರ ಮೈಗಂಟಿ ಎಲೆಕ್ಟ್ರಾನ್ ಹಿಡಿದಿಡುತ್ತದೆ, ವಿದ್ಯುತ್ ರೋಧ ಏರುತ್ತದೆ. ಅಮೋನಿಯಾ ಬಂದರೆ ಎಲೆಕ್ಟ್ರಾನ್ ವಾಪಸ್, ರೋಧ ಇಳಿಯುತ್ತದೆ. ಇಷ್ಟು ಸುಲಭ.

ತಲೆ ತಿಂದದ್ದು ಅದನ್ನು ಬಿಸಿಯಾಗಿಡುವ ಹೀಟರ್. 5 ವೋಲ್ಟ್, ಸುಮಾರು 33 ಓಮ್, ಅಂದರೆ 760 ಮಿಲಿವಾಟ್ ಹತ್ತಿರ. 2600 ಮಿಲಿಆಂಪ್-ಅವರ್‌ನ ಒಂದು ಲಿಥಿಯಂ ಸೆಲ್ಲಿನಲ್ಲಿ ಸುಮಾರು 9.6 ವಾಟ್-ಅವರ್ ಇರುತ್ತದೆ. ಹನ್ನೆರಡು ತಾಸಿಗೆ ಖಾಲಿ. ಹಾಗಾದರೆ ನಿಮಿಷಕ್ಕೆ ಒಂದೇ ಸೆಕೆಂಡು ಹಚ್ಚಿದರೆ ಖರ್ಚು ಅರವತ್ತರಲ್ಲಿ ಒಂದು ಪಾಲು ಅಂದುಕೊಂಡೆ. ತಪ್ಪು. ಒಂದು ಸೆಕೆಂಡಿನಲ್ಲಿ ಅದು ಕಾಯುವುದೇ ಇಲ್ಲ. ಸರಿ, ಸುತ್ತ ಹೊದಿಕೆ ಹಾಕೋಣ ಅಂದುಕೊಂಡೆ. ಅದೂ ತಪ್ಪು, ಯಾಕೆಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

ತೆಳ್ಳೇವು ಹೊಯ್ಯುವ ದಪ್ಪ ಕಬ್ಬಿಣದ ಕಾವಲಿ ನೆನೆಸಿಕೊಳ್ಳಿ. ಮುಚ್ಚಳ ಹಾಕಿದರೆ ಕಾವು ಹೊರಗೆ ಹೋಗುವುದು ಕಡಿಮೆಯಾಗುತ್ತದೆ, ಆದರೆ ಕಬ್ಬಿಣ ಕುಡಿಯುವ ಕಾವು ಅಷ್ಟೇ ಇರುತ್ತದೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ನಾನು ಒಂದೇ ಎಂದುಕೊಂಡಿದ್ದೆ. ಸೋರಿಕೆ: ಒಂದು ಡಿಗ್ರಿಗೆ ಎಷ್ಟು ವಾಟ್ ಹೊರಹೋಗುತ್ತದೆ ಎಂಬುದು. ಹೊಟ್ಟೆ: ಒಂದು ಡಿಗ್ರಿ ಏರಲು ಎಷ್ಟು ಜೂಲ್ ಬೇಕು ಎಂಬುದು. ಹೊಟ್ಟೆಯನ್ನು ಸೋರಿಕೆಯಿಂದ ಭಾಗಿಸಿದರೆ ಕಾಯುವ ಸಮಯ. ಹೊದಿಕೆ ಸೋರಿಕೆಯನ್ನಷ್ಟೇ ಇಳಿಸುತ್ತದೆ. ಹಾಗಾಗಿ ವಾಟ್ ಇಳಿದರೂ ಸಮಯ ಉದ್ದವಾಗುತ್ತದೆ!

ಲೆಕ್ಕಕ್ಕೆಂದು ಮಣಿ (ಹೀಟರ್ ಮತ್ತು ಅದರ ಮೇಲಿನ ಟಿನ್ ಆಕ್ಸೈಡ್ ಸೇರಿದ ಬಿಸಿಯಾಗುವ ಭಾಗ) 300 ಡಿಗ್ರಿ ಏರಬೇಕು, ಕಾಯುವ ಸಮಯ 10 ಸೆಕೆಂಡು ಅಂತಿಟ್ಟುಕೊಳ್ಳಿ. ಸೋರಿಕೆ ಡಿಗ್ರಿಗೆ 2.5 ಮಿಲಿವಾಟ್, ಹೊಟ್ಟೆ 25 ಮಿಲಿಜೂಲ್. ಪ್ರತಿ ಸಲ ಕಾಯಿಸಲು 7.5 ಜೂಲ್ ತುಂಬಲೇಬೇಕು. ಕಾಯುವಾಗ ಸೋರುವುದನ್ನು ಪೂರ್ತಿ ಬಿಟ್ಟು ಲೆಕ್ಕ ಹಾಕಿದರೂ, ಪ್ರತಿ ಸಲ ಆರಿದ ಮಣಿಗೆ ನಿಮಿಷಕ್ಕೊಮ್ಮೆ ಅಷ್ಟು ಕೊಟ್ಟರೆ ಸರಾಸರಿ 125 ಮಿಲಿವಾಟ್ ಆಯಿತು. ಹೀಗೆ ನಿಮಿಷಕ್ಕೊಮ್ಮೆ ಕಾಯಿಸುತ್ತಲೇ ಅದಕ್ಕಿಂತ ಕೆಳಗಿಳಿಯಲು ಇರುವ ದಾರಿ ಒಂದೇ, ಹೊಟ್ಟೆ ಸಣ್ಣದು ಮಾಡುವುದು.

ಮೆಮ್ಸ್ ಸೆನ್ಸರ್‌ಗಳಲ್ಲಿ, ಅಂದರೆ ಸಿಲಿಕಾನ್ ಚಿಪ್ಪಿನಲ್ಲೇ ಕೆತ್ತಿದ ಅತಿ ಸಣ್ಣ ಸೆನ್ಸರ್‌ಗಳಲ್ಲಿ, ಮಾಡುವುದು ಇದನ್ನೇ. ಸಿಲಿಕಾನ್ ಚಿಪ್ಪಿನ ನಡುವೆ ಕೊರೆದು, ಕೆಲವೇ ಮೈಕ್ರಾನ್ ದಪ್ಪದ ಪೊರೆ ಉಳಿಸಿ, ಅದರ ಮೇಲೆ ಹೀಟರ್ ಕೂರಿಸುತ್ತಾರೆ. 15 ಮಿಲಿವಾಟ್, 10 ಮಿಲಿಸೆಕೆಂಡು ಅಂತ ಹಿಡಿದರೆ ತುಂಬಬೇಕಾದ ಕಾವು 0.15 ಮಿಲಿಜೂಲ್, ಮಣಿಗಿಂತ ಐವತ್ತು ಸಾವಿರ ಪಟ್ಟು ಕಡಿಮೆ. ಕಾವು ತಕ್ಷಣ ಏರಿದರೂ ಮೇಲ್ಮೈಯ ರಾಸಾಯನಿಕ ಕ್ರಿಯೆಗೆ ಸಮಯ ಬೇಕು. ನಿಮಿಷಕ್ಕೆ 2 ಸೆಕೆಂಡು ಹಚ್ಚಿಟ್ಟರೂ ಸರಾಸರಿ 0.5 ಮಿಲಿವಾಟ್! ಈ ಅಂಕಿ ಬಂದಾಗ ನಾನು ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದೆ.

ಯಾವ ಅನಿಲವೆಂದು ಬೇರ್ಪಡಿಸಿ ಹೇಳುವ ಶಕ್ತಿ ಮಾತ್ರ ಇದರಿಂದ ಬರುವುದಿಲ್ಲ. ಬೋಟಿನ ಡೀಸೆಲ್ ಹೊಗೆಗೂ ಅದೇ ಉತ್ತರ. ಸೆನ್ಸರಿನ ಮುಂದೆ ಸಣ್ಣ ಕ್ರೊಮ್ಯಾಟೊಗ್ರಫಿ ಕಾಲಮ್ (ಅನಿಲಗಳನ್ನು ಬೇರೆ ಬೇರೆ ವೇಗದಲ್ಲಿ ಸಾಗಿಸುವ ತೆಳು ಕೊಳವೆ) ಇಟ್ಟರೆ ಅನಿಲಗಳು ಒಂದರ ಹಿಂದೊಂದು ಬರುತ್ತವೆ. ಆಗ ಸೆನ್ಸರ್ ಕೋಣೆಯೂ ಕಿರಿದಾಗಿರಬೇಕು: ನಿಮಿಷಕ್ಕೆ 1 ಮಿಲಿಲೀಟರ್ ಹರಿವಿಗೆ 1 ಮಿಲಿಲೀಟರ್ ಕೋಣೆ ಇಟ್ಟರೆ, ಎರಡು ಸೆಕೆಂಡಿನಲ್ಲಿ ಬಂದುಹೋಗುವ ಒಂದು ಅನಿಲದ ಶಿಖರ ಒಂದು ನಿಮಿಷದುದ್ದಕ್ಕೂ ಕದಡಿಹೋಗುತ್ತದೆ.

ತೇವದ ವಿಷಯ. ನೀರಾವಿಯೂ ಟಿನ್ ಆಕ್ಸೈಡಿನ ರೋಧ ಇಳಿಸುತ್ತದೆ. ಮೇ ತಿಂಗಳಲ್ಲಿ ಮನೆಯೊಳಗೆ ಬರೆದಿಟ್ಟ ಶುದ್ಧಗಾಳಿಯ ರೋಧವನ್ನು ಆಗಸ್ಟಿನಲ್ಲಿ ಬಂದರಿಗೆ ಒಯ್ದರೆ, ಹೊಸ ಬಂಗಡೆಯೂ ಹಳಸಿದಂತೆ ಕಾಣುತ್ತದೆ. ನಾನೀಗ ಬುಟ್ಟಿಯಿಂದ ದೂರ, ಗಾಳಿ ಬೀಸಿಬರುವ ಕಡೆ ನಿಂತು ಮೊದಲು ಒಂದು ಅಳತೆ ತೆಗೆದುಕೊಳ್ಳುತ್ತೇನೆ, ಆಮೇಲೆ ಬುಟ್ಟಿಯ ಮೇಲೆ. ಎರಡರ ಅನುಪಾತವನ್ನಷ್ಟೇ ಪಟ್ಟಿಯಲ್ಲಿ ಬರೆಯುತ್ತೇನೆ.