ಲಾಗ್‌ಬುಕ್‌ನಲ್ಲಿ ಗಂಟೆ ಎಷ್ಟು ಎನ್ನುವುದಷ್ಟೇ ಸಾಕೇ?

1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ಆಕಾಶದಲ್ಲೇ ಮುಗಿದುಹೋಯಿತು. ಎಂಜಿನ್‌ಗಳು ನಿಂತ ಆ ವಿಮಾನವನ್ನು ಕ್ಯಾಪ್ಟನ್ ಬಾಬ್ ಪಿಯರ್ಸನ್ ಕೆನಡಾದ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯವರೆಗೆ ತೇಲಿಸಿಕೊಂಡು ತಂದರು. ರನ್‌ವೇ ಹತ್ತಿರವಾದರೂ ವಿಮಾನ ಇನ್ನೂ ತೀರಾ ಎತ್ತರದಲ್ಲಿತ್ತು. ಆಗ ಅವರು ರೆಕ್ಕೆಯನ್ನು ಒಂದು ಬದಿಗೆ ವಾಲಿಸಿ, ಬಾಲದ ಚುಕ್ಕಾಣಿಯಾದ ರಡ್ಡರನ್ನು ಇನ್ನೊಂದು ಬದಿಗೆ ತುಳಿದು, ವಿಮಾನವನ್ನು ಓರೆಯಾಗಿ ಕೆಳಕ್ಕೆ ಜಾರಿಸಿದರು. ಇದು ಗ್ಲೈಡರ್ ಹಾರಿಸುವವರ ಪಟ್ಟು. ಪಿಯರ್ಸನ್‌ಗೆ ಗ್ಲೈಡರ್ ಹವ್ಯಾಸವಿತ್ತು. ವಿಮಾನದಲ್ಲಿದ್ದವರೆಲ್ಲ ಬದುಕಿದರು. ಪೈಲಟ್ ಹಾರಿದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್‌ನಲ್ಲಿ ಇಂಥ ಕೈಚಳಕ ಕಾಣುವುದಿಲ್ಲ.

ಎರಡನೇ ಮಹಾಯುದ್ಧದ ನಂತರ ವಿಮಾನಯಾನ ಸಂಸ್ಥೆಗಳಿಗೆ ಪೈಲಟ್‌ಗಳ ಕೊರತೆಯಿರಲಿಲ್ಲ. ವಾಯುಪಡೆಯಿಂದ ಪಳಗಿದ ಕೈಗಳೇ ಬರುತ್ತಿದ್ದವು. ಆಮೇಲೆ ಸಂಸ್ಥೆಗಳೇ ಶಾಲೆ ತೆರೆದು, ಕೆಲವು ನೂರು ಗಂಟೆ ಹಾರಿದ ಯುವಕರನ್ನು ನೇರವಾಗಿ ಜೆಟ್‌ನಲ್ಲಿ ಕೂರಿಸತೊಡಗಿದವು. ಸಿಮ್ಯುಲೇಟರ್ ಸುಧಾರಿಸಿದಂತೆ ಈ ದಾರಿ ಇನ್ನೂ ಚಿಕ್ಕದಾಯಿತು. 2006ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಒಪ್ಪಿದ, ಸಹ ಪೈಲಟ್ ಆಗಲು ಪಡೆಯುವ ಎಂಪಿಎಲ್ ಲೈಸೆನ್ಸಿಗೆ ಬೇಕಾದ 240 ಗಂಟೆಗಳಲ್ಲಿ ಹೆಚ್ಚಿನ ಪಾಲು ಸಿಮ್ಯುಲೇಟರ್‌ನಲ್ಲೇ ಕಳೆಯಬಹುದು.

2009ರ ಎರಡು ಅಪಘಾತಗಳು ಚರ್ಚೆಯ ದಿಕ್ಕು ತಿರುಗಿಸಿದವು. ಫೆಬ್ರುವರಿಯಲ್ಲಿ ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ ವಿಮಾನದ ವೇಗ ಕುಸಿದು, ಸ್ಟಾಲ್ ಎಚ್ಚರಿಕೆಯಾಗಿ (ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿಯೇ ಸ್ಟಾಲ್) ಮೂತಿ ಏರಿಸಿ ಇಳಿಸುವ ಕಂಟ್ರೋಲ್ ಕಾಲಮ್ ಗಡಗಡ ಅದುರಿತು. ಅದನ್ನು ಮುಂದಕ್ಕೆ ತಳ್ಳಿ ಮೂತಿ ಇಳಿಸಬೇಕಿತ್ತು, ಕ್ಯಾಪ್ಟನ್ ಹಿಂದಕ್ಕೆಳೆದರು. 50 ಜನ ಸತ್ತರು. ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರ ವೇಗ ಅಳೆಯುವ ಪಿಟೋ ಟ್ಯೂಬ್‌ಗಳಲ್ಲಿ ಹಿಮ ಕಟ್ಟಿ ಆಟೊಪೈಲಟ್ ತಾನಾಗಿ ಕಳಚಿಕೊಂಡಿತು. ಸ್ಟಿಕ್ ಹಿಡಿದಿದ್ದ ಪೈಲಟ್ ಕೂಡ ಎಳೆದರು. 228 ಜನರ ಸಾವು. ಅಷ್ಟು ಎತ್ತರದಲ್ಲಿ ಕೈಯಾರೆ ಹಾರಿಸುವ ತರಬೇತಿ ಸಿಬ್ಬಂದಿಗೆ ಸಿಕ್ಕಿರಲಿಲ್ಲ ಎಂದು ತನಿಖಾ ವರದಿ ಹೇಳಿತು.

ಅಮೆರಿಕ ಇದಕ್ಕೆ ಕಂಡುಕೊಂಡ ಮದ್ದು ಗಂಟೆಗಳದು. 2013ರಿಂದ ಸಹ ಪೈಲಟ್‌ಗೂ 1,500 ಗಂಟೆಗಳ ಹಾರಾಟ ಕಡ್ಡಾಯವಾಯಿತು. ಅದಕ್ಕೆ ಮೊದಲು 250 ಸಾಕಿತ್ತು. ಸೇನೆಯಿಂದ ಬಂದವರಿಗೆ ಮಾತ್ರ 750. ತಮಾಷೆಯೆಂದರೆ, ಕೋಲ್ಗನ್‌ನ ಇಬ್ಬರು ಪೈಲಟ್‌ಗಳೂ 1,500ರ ಗೆರೆಯನ್ನು ಎಂದೋ ದಾಟಿದ್ದರು! ಚಿಕ್ಕ ವಿಮಾನದಲ್ಲಿ ಒಂದೇ ಊರಿನ ಮೇಲೆ ಬ್ಯಾನರ್ ಎಳೆದುಕೊಂಡು ಸುತ್ತಿದ ಗಂಟೆಯೂ, ಬೇಕೆಂದೇ ಸ್ಟಾಲ್ ಮಾಡಿಸಿ ಹೊರಬಂದ ಗಂಟೆಯೂ ಲಾಗ್‌ಬುಕ್‌ನಲ್ಲಿ ಒಂದೇ. ಕೈಗೆ ಎರಡೂ ಒಂದೇ ಅಲ್ಲ. ಮೂತಿ ಕೆಳಗಾದಾಗ ಎಳೆಯಬೇಕೆನಿಸುವುದು ಸಹಜ, ತಳ್ಳುವುದನ್ನು ಮಾತ್ರ ಕಲಿಯಲೇಬೇಕು.

ಯುರೋಪ್ ಹಿಡಿದ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ. ಗಂಟೆಗಳ ಮಿತಿಯನ್ನು ಅದು ಏರಿಸಲಿಲ್ಲ. ಬದಲಿಗೆ, 2019ರ ಡಿಸೆಂಬರ್‌ನಿಂದ ಹೊಸ ಪೈಲಟ್‌ಗಳು ದೊಡ್ಡ ವಿಮಾನಕ್ಕೆ ಹತ್ತುವ ಮೊದಲು, ಹತೋಟಿ ತಪ್ಪಿದ ವಿಮಾನವನ್ನು ಸರಿದಾರಿಗೆ ತರುವ ಅಭ್ಯಾಸವನ್ನು ಕನಿಷ್ಠ 3 ಗಂಟೆ ಮಾಡಬೇಕು, ಅದೂ ಆಕಾಶದಲ್ಲಿ. ನೆಲದ ಮೇಲಿನ ಸಿಮ್ಯುಲೇಟರ್‌ಗೆ ಮೈಯನ್ನು ಸೀಟಿಗೆ ಒತ್ತುವ ಆ ಭಾರವನ್ನು ತೋರಿಸಲಾಗದು.