ಬೆಟ್ಟ ಮೋಡವನ್ನು ತಡೆಯುತ್ತದಾ, ಎತ್ತುತ್ತದಾ?

‘ಪಶ್ಚಿಮ ಘಟ್ಟ ಮೋಡಗಳನ್ನು ತಡೆಯುವುದರಿಂದ ಮಲೆನಾಡಿನಲ್ಲಿ ಮಳೆ ಜಾಸ್ತಿ.’ ಹೈಸ್ಕೂಲಿನಲ್ಲಿ ನಾನು ಹೀಗೇ ಬರೆಯುತ್ತಿದ್ದೆ. ಈಗ ನೋಡಿದರೆ ಆ ಉತ್ತರದಲ್ಲಿ ಮುಖ್ಯವಾದ ಮಾತೇ ಇಲ್ಲ. ತಡೆದರೆ ಮೋಡ ನಿಲ್ಲಬಹುದು, ಮಳೆ ಯಾಕೆ ಬೀಳಬೇಕು?

ಬೆಟ್ಟ ಮಾಡುವ ಕೆಲಸ ಬೇರೆ. ಅದು ಗಾಳಿಯನ್ನು ಎತ್ತುತ್ತದೆ. ಜೂನ್‌ನಲ್ಲಿ ನೈರುತ್ಯ ಮಾನ್ಸೂನ್ ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುತ್ತದೆ. ಎದುರಿಗೆ ಘಟ್ಟ. ಹಿಂದಿನಿಂದ ಇನ್ನಷ್ಟು ಗಾಳಿ ನೂಕುತ್ತಿರುತ್ತದೆ, ಹಾಗಾಗಿ ಮುಂದಿನದು ಇಳಿಜಾರು ಹತ್ತಲೇಬೇಕು. ಮೇಲೆ ಹೋದಂತೆ ವಾಯುಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. ನಂಬಿಕೆ ಬರದಿದ್ದರೆ ಸೈಕಲ್ ಟ್ಯೂಬಿನ ಗಾಳಿ ಬಿಟ್ಟು ಬೆರಳು ಹಿಡಿದು ನೋಡಿ, ತಣ್ಣಗಿರುತ್ತದೆ. ತಣ್ಣಗಾದ ಗಾಳಿಯಲ್ಲಿ ನೀರಾವಿ ಹನಿಗಟ್ಟುತ್ತದೆ. ಅಂದರೆ ಎಷ್ಟೋ ಮೋಡ ಸಮುದ್ರದಿಂದ ಬರುವುದಿಲ್ಲ, ಘಟ್ಟ ಹತ್ತುವಾಗಲೇ ಹುಟ್ಟುತ್ತದೆ!

ಮಳೆಗಾಲದಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದವರಿಗೆ ಇದು ಗೊತ್ತು. ಕೆಳಗೆ ಸೆಖೆ. ಒಂದೊಂದೇ ತಿರುವು ದಾಟಿದಂತೆ ಮಂಜು ಕವಿಯುತ್ತದೆ. ಅದು ಮಂಜಲ್ಲ, ನಾವು ಮೋಡದೊಳಗೆ ಹೊಕ್ಕಿರುತ್ತೇವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ. ಸಮುದ್ರದ ಪಕ್ಕದಲ್ಲೇ ಇರುವ ಉಡುಪಿಗೂ ಇಷ್ಟು ಬರುವುದಿಲ್ಲ. ಸಮುದ್ರ ಹತ್ತಿರವಿದ್ದರೆ ಸಾಲದು, ಗಾಳಿ ಮೇಲೇಳಬೇಕು. ಇದೇ ಆರೋಹ ಮಳೆ.

ಇನ್ನು ಘಟ್ಟದ ಆಚೆ ಬದಿ. ಇಲ್ಲಿ ಗಾಳಿ ಇಳಿಯುತ್ತದೆ. ಇಳಿದಂತೆ ಒತ್ತಡ ಜಾಸ್ತಿಯಾಗಿ ಬಿಸಿಯಾಗುತ್ತದೆ, ಸೈಕಲ್ ಪಂಪ್ ಒತ್ತಿದಾಗ ಅದರ ಬುಡ ಬಿಸಿಯಾಗುವ ಹಾಗೆ. ತೇವ ಆಗಲೇ ಸುರಿದು ಹೋಗಿದೆ, ಉಳಿದದ್ದೂ ಹನಿಗಟ್ಟುವುದಿಲ್ಲ. ಇದು ಮಳೆಯ ನೆರಳಿನ ಪ್ರದೇಶ. ಆಗುಂಬೆಯಿಂದ ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋಗುವಾಗ ಸುಮ್ನೆ ಕಿಟಕಿ ನೋಡಿ. ದಟ್ಟ ಕಾಡು, ಅಡಿಕೆ ತೋಟ, ಗದ್ದೆ, ಆಮೇಲೆ ಮೆಕ್ಕೆಜೋಳ, ಕೊನೆಗೆ ಚಳ್ಳಕೆರೆ ಕಡೆ ಶೇಂಗಾ ಹೊಲ. ಮಳೆ ನಕ್ಷೆಯ ಬಣ್ಣ ಬದಲಾಗುವುದೂ ಇದೇ ಸಾಲಿನಲ್ಲಿ. ಪಾಠದಲ್ಲಿ ಅತಿ ಕಡಿಮೆ ಮಳೆಯ ಊರೆಂದು ಬರುವ ನಾಯಕನಹಟ್ಟಿ ಇರುವುದು ಚಳ್ಳಕೆರೆ ತಾಲ್ಲೂಕಿನಲ್ಲೇ.

ನದಿಗಳನ್ನೂ ಇಲ್ಲೇ ಸೇರಿಸಿ ಓದಿಕೊಳ್ಳಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಅದೇ ತಾಲ್ಲೂಕಿನಲ್ಲಿ ಹರಿಯುವ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ತಾಲ್ಲೂಕಿನ ಮಳೆ, ಎರಡು ಸಮುದ್ರ. ನನಗಂತೂ ಇದು ಓದಿದಾಗಲೆಲ್ಲ ಬೆರಗು.

ಪರೀಕ್ಷೆಯಲ್ಲಿ ಚಿತ್ರ ಬರೆಯುವಾಗ ಒಂದು ಎಚ್ಚರ. ತುಂಬ ಜನ ಗಾಳಿಯ ಬಾಣವನ್ನು ಬೆಟ್ಟಕ್ಕೆ ಡಿಕ್ಕಿ ಹೊಡೆಸಿ ನಿಲ್ಲಿಸುತ್ತಾರೆ. ಬಾಣ ಇಳಿಜಾರು ಹತ್ತಿ, ತುದಿ ದಾಟಿ, ಆಚೆ ಇಳಿಯಬೇಕು. ಹತ್ತುವ ಕಡೆ ‘ಹಿಗ್ಗಿ ತಣ್ಣಗಾಗುತ್ತದೆ’, ಇಳಿಯುವ ಕಡೆ ‘ಕುಗ್ಗಿ ಬಿಸಿಯಾಗುತ್ತದೆ’ ಎಂದು ಬರೆಯಿರಿ.