‘ಜಿನ್ ಲೇನ್’: ಗಿರವಿ ಅಂಗಡಿಯಿಂದ ಓದಬೇಕಾದ ಚಿತ್ರ

ಮುದ್ರಣಕಲೆಯ ತರಗತಿಯಲ್ಲಿ ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೋಗಾರ್ತ್ 1751ರಲ್ಲಿ ಪ್ರಕಟಿಸಿದ ‘ಜಿನ್ ಲೇನ್’ (ಜಿನ್ ಎಂಬ ಕಡುಮದ್ಯದ ಓಣಿ) ಚಿತ್ರವನ್ನು ಮುಂದಿಟ್ಟಾಗ ವಿದ್ಯಾರ್ಥಿಗಳ ಕಣ್ಣು ಮೊದಲು ಹೋಗುವುದು ನಡುವಿನ ತಾಯಿಯ ಮೇಲೆ. ಮೆಟ್ಟಿಲ ಮೇಲೆ ಕುಳಿತು ನಶ್ಯದ ಡಬ್ಬಿಗೆ ಬೆರಳು ಹಾಕುತ್ತಿರುವ ಆಕೆಯ ತೋಳಿನಿಂದ ಕೂಸು ಜಾರಿ ಕೆಳಗೆ ಬೀಳುತ್ತಿದೆ. ಕುಡಿದ ಅಮಲಿನಲ್ಲಿ ಆಕೆಗೆ ಅದರ ಪರಿವೆಯೇ ಇಲ್ಲ. ಈ ದೃಶ್ಯದಿಂದ ಕಣ್ಣು ಕೀಳುವುದು ಕಷ್ಟವೆಂದು ಬಲ್ಲೆ. ಆದರೂ ಎಡಬದಿಯ ಗಿರವಿ ಅಂಗಡಿಯಿಂದ ಓದಲು ಆರಂಭಿಸಿ ಎಂದೇ ನಾನು ಹೇಳುತ್ತೇನೆ.

ಅಲ್ಲಿ ಬಡಗಿಯೊಬ್ಬ ತನ್ನ ಗರಗಸವನ್ನೂ ಹೆಂಗಸೊಬ್ಬಳು ಅಡುಗೆಯ ಪಾತ್ರೆಗಳನ್ನೂ ಒತ್ತೆ ಇಡಲು ತಂದಿದ್ದಾರೆ. ಗರಗಸ ಹೋದರೆ ನಾಳೆಯ ಕೂಲಿ ಹೋಯಿತು, ಪಾತ್ರೆ ಹೋದರೆ ಮನೆಯ ಒಲೆ ಆರಿತು. ಹಿಂದಿನ ಮನೆಗಳು ಕುಸಿಯುತ್ತಿವೆ, ಪಾಳುಬಿದ್ದ ಕೋಣೆಯಲ್ಲಿ ಕ್ಷೌರಿಕನೊಬ್ಬ ನೇಣು ಹಾಕಿಕೊಂಡಿದ್ದಾನೆ. ಗಿರವಿಯವನ ವ್ಯಾಪಾರ ಮಾತ್ರ ಚೆನ್ನಾಗಿ ನಡೆದಿದೆ. ಅವನ ಅಂಗಡಿಯ ಗುರುತು ಹತ್ತಿರದಲ್ಲಿ ದೊಡ್ಡದಾಗಿ ತೂಗುತ್ತಿದ್ದರೆ, ಲಂಡನ್ನಿನ ಬ್ಲೂಮ್ಸ್‌ಬರಿಯ ಸೇಂಟ್ ಜಾರ್ಜ್ ಚರ್ಚಿನ ಗೋಪುರ ದೂರದಲ್ಲಿ ಮಸುಕಾಗಿ ಕಾಣುತ್ತದೆ.

ಈ ಚಿತ್ರವನ್ನು ಮುದ್ರಿಸಲು ಗೆರೆ ಕೊರೆದ ತಾಮ್ರದ ತಗಡಿನಲ್ಲಿ ಇಂಥ ಮಸುಕು ತಾನಾಗಿ ಬರುವುದಿಲ್ಲ. ಆಳವಾದ ಗೆರೆ ಹೆಚ್ಚು ಮಸಿ ಹಿಡಿದಿಟ್ಟುಕೊಂಡು ಒದ್ದೆ ಕಾಗದದ ಮೇಲೆ ಕಡುಕಪ್ಪಾಗಿ ಮೂಡುತ್ತದೆ, ತೆಳುವಾದದ್ದು ಬೂದಿಬಣ್ಣದಲ್ಲಿ ನಿಲ್ಲುತ್ತದೆ. ಆದ್ದರಿಂದ ಚರ್ಚು ಈ ಬೀದಿಯಿಂದ ಎಷ್ಟು ದೂರವಿದೆ ಎಂಬ ನಿರ್ಣಯ ಲೋಹದ ಮೇಲೆ ಗೆರೆ ಎಳೆಯುವಾಗಲೇ ಆಗಿರಬೇಕು. ಸ್ವತಃ ತಗಡು ಕೊರೆದವರಿಗೆ ಆ ನಿರ್ಣಯದ ಕಾಠಿಣ್ಯ ಕೂಡಲೇ ತಿಳಿಯುತ್ತದೆ.

ಕೆಳವರ್ಗದ ದುಶ್ಚಟಗಳನ್ನು ತಿದ್ದುವುದಕ್ಕಾಗಿ ಆದಷ್ಟು ಅಗ್ಗವಾಗಿ ಪ್ರಕಟಿಸಿದ್ದೇನೆ ಎಂದು ಹೋಗಾರ್ತ್ ಜಾಹೀರಾತು ನೀಡಿದ್ದ. ಒಂದು ಪ್ರತಿಗೆ 1 ಷಿಲಿಂಗ್ ಬೆಲೆಯಿತ್ತು. ಗರಗಸ ಒತ್ತೆಯಿಡುವ ಬಡಗಿಗೆ ಅದು ಸಣ್ಣ ಮೊತ್ತವಲ್ಲ. ಅದೇ ವರ್ಷದ ‘ಕ್ರೌರ್ಯದ ನಾಲ್ಕು ಹಂತಗಳು’ ಸರಣಿಯನ್ನು ಇನ್ನಷ್ಟು ಅಗ್ಗಗೊಳಿಸಲು ಮರದಚ್ಚುಗಳನ್ನು ಮಾಡಿಸಹೊರಟರೂ ಎರಡು ಮಾತ್ರ ಸಿದ್ಧವಾದವು. ಹಾಗಾಗಿ ಈ ಚಿತ್ರಗಳನ್ನು ಕೊಂಡವರು ಹೆಚ್ಚಾಗಿ ಅನುಕೂಲಸ್ಥರೇ ಇರಬೇಕೆಂದು ನನ್ನ ಊಹೆ. ಜಿನ್ ಮಾರಾಟವನ್ನು ಬಿಗಿಗೊಳಿಸಿದ ಕಾನೂನು ಆ ವರ್ಷವೇ ಜಾರಿಗೆ ಬಂದಿತಾದರೂ, ನ್ಯಾಯಾಧೀಶ ಹೆನ್ರಿ ಫೀಲ್ಡಿಂಗ್ ಮೊದಲಾದವರೂ ಅದಕ್ಕಾಗಿ ಒತ್ತಾಯಿಸುತ್ತಿದ್ದರಿಂದ, ಅದರ ಶ್ರೇಯಸ್ಸನ್ನು ಒಂದು ಚಿತ್ರಕ್ಕೆ ಕಟ್ಟುವುದು ಸರಿಯಲ್ಲ.

ಇದರ ಜೋಡಿಚಿತ್ರವಾದ ‘ಬಿಯರ್ ಸ್ಟ್ರೀಟ್’ ಅನ್ನು ಪಕ್ಕದಲ್ಲಿಟ್ಟೇ ನೋಡಬೇಕು. ಅಲ್ಲಿ ಜನರು ಮೈತುಂಬಿಕೊಂಡು ಗೆಲುವಾಗಿದ್ದಾರೆ, ಮನೆಗಳ ದುರಸ್ತಿ ನಡೆದಿದೆ. ಇಡೀ ಬೀದಿಯಲ್ಲಿ ಶಿಥಿಲವಾಗಿರುವುದು ಗಿರವಿಯವನ ಕಟ್ಟಡವೊಂದೇ. ಅವನು ಬಾಗಿಲು ತೆರೆಯಲು ಅಂಜಿ, ಅದರಲ್ಲಿರುವ ಸಣ್ಣ ಕಿಂಡಿಯಿಂದ ತನ್ನ ಪಾಲಿನ ಬಿಯರ್ ಪಡೆಯುತ್ತಿದ್ದಾನೆ.